ಬುಸಾನಿಗೆ ಬಂದ ಖಾಲಿ ಪಾತ್ರೆ

ಮಾ ಒಕ್‌ಬುನ್ ಹಡಗುಕಟ್ಟೆಯ ಕಡೆ ಬರುತ್ತಿದ್ದಾಳೆಂದು ಸುಳಿವು ಸಿಕ್ಕರೆ ಸಾಕು, ಕೊರಿಯದ ಬುಸಾನ್ ಬಂದರಿನ ಎಷ್ಟೋ ಕಪ್ತಾನರಿಗೆ ಇದ್ದಕ್ಕಿದ್ದಂತೆ ತುರ್ತು ಕೆಲಸ ನೆನಪಾಗುತ್ತಿತ್ತು. ಒಬ್ಬ ಎಂಜಿನ್ ಕೋಣೆಗೆ ಇಳಿದುಬಿಡುತ್ತಿದ್ದ, ಇನ್ನೊಬ್ಬ ಹೊಟ್ಟೆನೋವೆಂದು ಮುಸುಕೆಳೆದು ಮಲಗುತ್ತಿದ್ದ. ಒಬ್ಬನಂತೂ ಗುರುತು ಸಿಗಬಾರದೆಂದು ಅಡುಗೆಯವನ ಏಪ್ರನ್ ಕಟ್ಟಿಕೊಂಡು ಮೂಲಂಗಿ ಹೆಚ್ಚುತ್ತ ಕೂತಿದ್ದ. ಒಕ್‌ಬುನ್ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ಇಷ್ಟು ದಪ್ಪ ಹೆಚ್ಚಿದ್ರೆ ಕಿಮ್ಚಿಗೆ ಉಪ್ಪು ಹಿಡಿಯಲ್ಲ, ಕಪ್ತಾನ್ರೇ" ಎಂದು ಚಾಕು ಇಸಿದುಕೊಂಡಳು. ಮೂಲಂಗಿ ಮುಗಿಯುವಷ್ಟರಲ್ಲಿ ತನ್ನ ವಿಷಯವನ್ನೂ ಹೇಳಿ ಮುಗಿಸಿದಳು. ಅವನು ಆಗಲೂ ಒಪ್ಪಲಿಲ್ಲ, ಅದು ಬೇರೆ ಮಾತು.

ಐವತ್ತೆಂಟು ವರ್ಷದ ಗಿಡ್ಡ ಹೆಂಗಸು. ಕಂಕುಳಲ್ಲಿ ಫೈಲು, ಕೊರಳಲ್ಲಿ ವಿಕಿರಣ ಅಳೆಯುವ, ಟ್ರಾನ್ಸಿಸ್ಟರಿನಂಥ ಹಳದಿ ಮೀಟರು. ಬಂದರಿನ ಒಂದು ಸಣ್ಣ ಸರಕು ಸಾಗಣೆ ಕಂಪನಿಯಲ್ಲಿ ಗುಮಾಸ್ತೆಯಾಗಿ ಸೇರಿ ಮೂವತ್ತೊಂದು ವರ್ಷವಾಗಿತ್ತು. ಉಳಿದವರು ಟೀವಿ, ಟೈರು, ಪ್ಲೈವುಡ್ಡು ಕಳಿಸುತ್ತಿದ್ದರೆ ಇವಳ ಪಾಲಿಗೆ ಬಂದದ್ದು ಯಾರಿಗೂ ಬೇಡದ ಸರಕು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಮೂರು ತಿಂಗಳಿಗೊಮ್ಮೆ ಅಕ್ಕಿಕಾಳಿಗಿಂತ ಚಿಕ್ಕದಾದ ವಿಕಿರಣ ಸೂಸುವ ಒಂದು ಇರಿಡಿಯಂ ಚೂರನ್ನು ಅವಳು ರಷ್ಯದ ಸಖಾಲಿನ್ ದ್ವೀಪದ ಆಸ್ಪತ್ರೆಗೆ ಮುಟ್ಟಿಸಬೇಕಿತ್ತು. ಅಲ್ಲಿ ಕ್ಯಾನ್ಸರ್ ಗಡ್ಡೆ ಸುಡಲು ಅದು ಬೇಕು. ಚೂರನ್ನು ಸೀಸದ ಪಾತ್ರೆಯಲ್ಲಿಟ್ಟು, ಆ ಪಾತ್ರೆಯನ್ನು ಉಕ್ಕಿನ ಪೀಪಾಯಿಯೊಳಗೆ ಮರದ ಅಚ್ಚುಗಳ ನಡುವೆ ಅಲುಗಾಡದಂತೆ ಕೂರಿಸಿ, ಸೀಲು ಹಾಕಿ, ಮೇಲೆ ಮೂರು ರೆಕ್ಕೆಯ ಹಳದಿ ಚೀಟಿ ಅಂಟಿಸುತ್ತಿದ್ದರು. ನಾವಿಕರು ಆ ಚಿತ್ರಕ್ಕೆ ಫ್ಯಾನು ಎಂದು ಹೆಸರಿಟ್ಟಿದ್ದರು. "ಮಾ ಮೇಡಂ ಬಂದ್ಲು, ಫ್ಯಾನು ತಂದ್ಲು" ಎಂಬುದು ಕಟ್ಟೆಯ ಮೇಲೆ ಒಂದು ಮಾತೇ ಆಗಿಹೋಗಿತ್ತು.

ಈ ಸರಕನ್ನು ಒಯ್ಯಬಾರದೆಂದು ಕಾನೂನೇನೂ ಇಲ್ಲ. ಕಾಗದವೆಲ್ಲ ಸರಿಯಿದ್ದರೂ ಬೇಡ ಎನ್ನುತ್ತಿದ್ದದ್ದು ಜನರ ಎದೆ. ವಿಮಾನದವರು ಒಲ್ಲೆವೆಂದು ವರ್ಷಗಳಾಗಿದ್ದವು. ಹಡಗಿನವರು ಒಲ್ಲೆವೆಂದು ಬಾಯಿಬಿಟ್ಟು ಹೇಳದೆ ನಾಳೆ ಬಾ, ನಾಡಿದ್ದು ಬಾ ಎನ್ನುತ್ತಿದ್ದರು. ಅದಿನ್ನೂ ಕೆಟ್ಟದ್ದು. ಎರಡೂವರೆ ತಿಂಗಳಿಗೆ ಶಕ್ತಿ ಅರ್ಧಕ್ಕಿಳಿದುಬಿಡುವ ವಸ್ತು ಅದು. ಕಟ್ಟೆಯ ಮೇಲೆ ಕಾದಷ್ಟು ದಿನವೂ ಪೀಪಾಯಿಯೊಳಗೆ ಸವೆಯುತ್ತಲೇ ಇರುತ್ತದೆ. ಎರಡು ಸಲ ಹಾಗೆ ಕಾದು ಕಾದು, ಅಲ್ಲಿ ಮುಟ್ಟಿದಾಗ ಅರೆಜೀವವಾಗಿತ್ತು.

ಕೊನೆಗೆ ಒಪ್ಪಿದವನು ಒಬ್ಬನೇ, ಬಾಂಗ್ ಕಪ್ತಾನ. ಸಖಾಲಿನ್ನಿಗೆ ಈರುಳ್ಳಿ, ನೂಡಲ್ಸು ಹೇರಿಕೊಂಡು ಹೋಗಿ ಮೀನು ತುಂಬಿಕೊಂಡು ಬರುವ ಹಳೆಯ ಹಡಗು ಅವನದು. ಮೊದಲ ದಿನ ಅವನೂ ಮುಖಕ್ಕೆ ಹೊಡೆದಂತೆ ಇಲ್ಲವೆಂದಿದ್ದ. ಒಕ್‌ಬುನ್ ಕಣ್ಣು ಅವನ ಕೈಗಡಿಯಾರದ ಮೇಲೆ ಬಿತ್ತು. ಅವರಪ್ಪನ ಕಾಲದ್ದು, ರೇಡಿಯಂ ಬಣ್ಣ ಬಳಿದ ಮುಳ್ಳು ಕತ್ತಲಲ್ಲಿ ಹಸಿರಾಗಿ ಹೊಳೆಯುವಂಥದ್ದು. ಮೀಟರನ್ನು ಅದಕ್ಕೆ ಹಿಡಿದಳು. ಮೀಟರು ಗರಗರ ಎಂದಿತು. ಆಮೇಲೆ ಅವನನ್ನು ಗೋದಾಮಿಗೆ ಕರೆದೊಯ್ದು ಪೀಪಾಯಿಯಿಂದ ಎರಡು ಹೆಜ್ಜೆ ಆಚೆ ನಿಲ್ಲಿಸಿ ಹಿಡಿದಳು. ಅಷ್ಟು ಸದ್ದೂ ಇಲ್ಲ.

"ಇಪ್ಪತ್ತು ವರ್ಷದಿಂದ ಈ ಗಡಿಯಾರ ಕಟ್ಕೊಂಡೇ ಮಲಗ್ತಿದೀರಿ. ನನ್ನ ಪೀಪಾಯಿ ಪಕ್ಕ ಮಲಗಿ ಅಂತ ನಾನು ಕೇಳ್ತಿಲ್ಲ. ಹಡಗಿನ ಮೂಲೇಲಿ ಒಂದಿಷ್ಟು ಜಾಗ ಕೊಡಿ ಅಷ್ಟೆ."

"ನಂದು ಬಿಡಿ ಮೇಡಂ, ನನ್ನ ಹುಡುಗರು ಹೆದರ್ತಾರೆ. ಮಕ್ಕಳಾಗಲ್ಲವಂತೆ."

"ಯಾರಿಗೆ, ನಿಮ್ಮ ಅಡುಗೆಯವನಿಗಾ? ಅವನಿಗೆ ಈಗಾಗಲೇ ಐದು. ಇನ್ನು ಆಗದೇ ಇದ್ರೆ ಅವನ ಹೆಂಡತಿ ಬಂದು ನನ್ನ ಕಾಲಿಗೆ ಬೀಳ್ತಾಳೆ."

ಬಾಂಗ್ ನಕ್ಕ. ನಕ್ಕವನು ಅರ್ಧ ಒಪ್ಪಿದ ಹಾಗೆ. ಆದರೂ ಸಮುದ್ರಕ್ಕೆ ಹೊಸದನ್ನು ಇಳಿಸುವ ಮುಂಚೆ ಹಂದಿ ತಲೆ ಇಟ್ಟು ಪೂಜೆಯಾಗಲೇಬೇಕೆಂದು ಹಟ ಹಿಡಿದ. ಒಕ್‌ಬುನ್ ತಾನೇ ಮಾರುಕಟ್ಟೆಗೆ ಹೋಗಿ ನಗುಮೊಗದ ಒಂದು ಹಂದಿ ತಲೆ ಆರಿಸಿ ತಂದಳು. ಅದನ್ನು ಪೀಪಾಯಿಯ ಮುಂದಿಟ್ಟು, ಹೆಂಡ ಸುರಿದು, ಎಲ್ಲರೂ ಅಡ್ಡಬಿದ್ದರು. ಪೂಜೆ ಮುಗಿದ ಮೇಲೆ ಅವಳು ಹಂದಿ ತಲೆಗೂ ಮೀಟರು ಹಿಡಿದು "ಇದೂ ಸುರಕ್ಷಿತ, ತಿನ್ನಬಹುದು" ಎಂದಾಗ ನಾವಿಕರು ಬಿದ್ದು ಬಿದ್ದು ನಕ್ಕರು. ವಿಕಿರಣಕ್ಕೆ ಅಲ್ಲಿಯವರ ಮಾತಿನಲ್ಲಿ ‘ಬಾಂಗ್ಸಾನಂಗ್’ ಎನ್ನುತ್ತಾರೆ. ಅಂದಿನಿಂದ ಅವನು ಬಂದರಿಗೆಲ್ಲ ಬಾಂಗ್ಸಾನಂಗ್ ಕಪ್ತಾನನಾದ.

ಅವನಿಗೆ ಅವಳು ಕೊಟ್ಟ ಮಾತು ಒಂದೇ. "ಕಾಗದದಲ್ಲಿ ಇರೋದೇ ಒಳಗಿರುತ್ತೆ, ಒಳಗಿರೋದೆಲ್ಲ ಕಾಗದದಲ್ಲಿರುತ್ತೆ. ಒಂದು ಸಲ ಹೆಚ್ಚುಕಮ್ಮಿ ಆದ್ರೂ ನೀವು ನನ್ನ ಮುಖ ನೋಡ್ಬೇಡಿ."

ಅಷ್ಟೊಂದು ಕಾಲು ಸವೆಸಿ ಸಖಾಲಿನ್ನಿನ ಈ ಒಂದು ದಾರಿಯನ್ನೇ ಅವಳು ಯಾಕೆ ಹಿಡಿದು ಜೋತುಬಿದ್ದಳು? ಕಂಪನಿಯವರು ಅದನ್ನು ನಿಷ್ಠೆ ಎಂದುಕೊಂಡಿದ್ದರು. ನಿಷ್ಠೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವಳ ಅಪ್ಪ ಆ ದ್ವೀಪದಲ್ಲಿದ್ದ.

ಅಪ್ಪ ಮಾ ಚಿಲ್‌ಬೋಕ್‌ನನ್ನು ಜಪಾನಿನವರು ಕಲ್ಲಿದ್ದಲ ಗಣಿಗೆಂದು ಹಿಡಿದೊಯ್ದಾಗ ಒಕ್‌ಬುನ್ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಮರುವರ್ಷ ಯುದ್ಧ ಮುಗಿಯಿತು. ದ್ವೀಪ ರಷ್ಯದವರ ಪಾಲಾಯಿತು. ಜಪಾನಿನವರನ್ನು ಕರೆದೊಯ್ಯಲು ಹಡಗು ಬಂದವು. ಕೊರಿಯದವರನ್ನು ಕರೆದೊಯ್ಯಲು ಯಾವ ಹಡಗೂ ಬರಲಿಲ್ಲ. ಅಮ್ಮ ಮಾತ್ರ, ಹಡಗು ಬಂದರೆ ಬುಸಾನಿಗೇ ತಾನೇ ಬರಬೇಕು ಎಂದು ಹಳ್ಳಿ ಬಿಟ್ಟು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬುಸಾನಿಗೆ ಬಂದಳು. ಮೀನಿನ ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತ ನಲವತ್ತು ವರ್ಷ ಕಾದಳು.

ದಿನವೂ ಸಂಜೆ ಅಮ್ಮ ಅನ್ನ ಬಡಿಸುವಾಗ ಮೊದಲ ಬಟ್ಟಲು ಅಪ್ಪನದು. ಅದಕ್ಕೆ ಮುಚ್ಚಳ ಹಾಕಿ, ಅಡಿಯಿಂದ ಒಲೆಯ ಕಾವು ಹಾಯುವ ಬೆಚ್ಚಗಿನ ನೆಲದ ಮೇಲೆ ಹೊದಿಕೆಯೊಳಗೆ ಸುತ್ತಿಡುತ್ತಿದ್ದಳು. "ಹಸ್ಕೊಂಡು ಬಂದ್ರೆ?" ಎನ್ನುತ್ತಿದ್ದಳು. ಬೆಳಿಗ್ಗೆ ಆ ತಂಗಳನ್ನವನ್ನು ಒಕ್‌ಬುನ್ ತಿಂದು ಶಾಲೆಗೆ ಹೋಗುತ್ತಿದ್ದಳು. ಅಪ್ಪನ ವಿಷಯದಲ್ಲಿ ಅವಳಿಗೆ ಗೊತ್ತಿದ್ದದ್ದು ಆ ಅನ್ನದ ರುಚಿ ಒಂದೇ. ಸತ್ತವರ ಎಡೆಯನ್ನಾದರೂ ಇಡೋಣವೆಂದರೆ ಅಮ್ಮ ಕೇಳುತ್ತಿರಲಿಲ್ಲ. ಸತ್ತಿದ್ದಾನೆಂದು ಯಾರು ಹೇಳಿದರು, ಯಾವ ದಿನ ಸತ್ತ, ಹೇಳು ನೋಡೋಣ ಎಂದು ಜಗಳಕ್ಕೇ ಬರುತ್ತಿದ್ದಳು. ಸಾಯುವಾಗ ಅವಳು ಹೇಳಿದ್ದು, "ನನ್ನ ಪಕ್ಕ ಜಾಗ ಬಿಡು. ಎಡಗಡೆ. ಅವರು ಎಡಗಡೆ ಮಲಗೋರು." ಊರಾಚೆಯ ಸ್ಮಶಾನದ ಗುಡ್ಡದಲ್ಲಿ ಆ ಜಾಗ ಹದಿನೈದು ವರ್ಷದಿಂದ ಹುಲ್ಲು ಬೆಳೆದುಕೊಂಡು ಬಿದ್ದಿತ್ತು.

ಪೀಪಾಯಿ ಆಸ್ಪತ್ರೆ ಮುಟ್ಟಿದ ದಿನ ಅಲ್ಲಿನ ಉಗ್ರಾಣದವನು ಫೋನ್ ಮಾಡಿ ಸೀಲು ಹೇಗಿದೆ, ಮೀಟರು ಎಷ್ಟು ತೋರಿಸುತ್ತಿದೆ ಎಂದು ಹೇಳಬೇಕು, ಇವಳು ಬರೆದುಕೊಳ್ಳಬೇಕು, ಅದು ಪದ್ಧತಿ. ಉಗ್ರಾಣದವನ ಹೆಸರು ಹೊ ಜಾಂಗ್‌ಗುನ್. ಅವನಪ್ಪನೂ ಅದೇ ಗಣಿಗೆ ಹೋದವನು, ಅಲ್ಲೇ ಮಣ್ಣಾದವನು. ಜಾಂಗ್‌ಗುನ್ ದ್ವೀಪದಲ್ಲೇ ಹುಟ್ಟಿದವನಾದರೂ ಅವನಾಡುವ ಭಾಷೆ ಅವನಪ್ಪ ಹಳ್ಳಿಯಿಂದ ಹೊತ್ತೊಯ್ದಿದ್ದು. ಮೊದಲ ಸಲ ಅವನ ಮಾತು ಕೇಳಿ ಒಕ್‌ಬುನ್ ಬರೆಯುವುದನ್ನು ಬಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡಳು. ಅಮ್ಮ ಸತ್ತ ಮೇಲೆ ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಸೀಲು, ಮೀಟರು ಮುಗಿದ ಮೇಲೆ ಎರಡು ನಿಮಿಷ ಉಳಿಯುತ್ತಿತ್ತು. ಆ ಎರಡು ನಿಮಿಷದಲ್ಲಿ ಅವಳು ಅಪ್ಪನ ಹೆಸರು ಹೇಳಿದ್ದಳು. ಹುಡುಕ್ತೀನಿ ಅಕ್ಕೋ ಎಂದಿದ್ದ. ಪ್ರತಿಸಲವೂ ಅವನದೊಂದು ಗೋಳಿತ್ತು. ಚೂರನ್ನು ಇಳಿಸಿಕೊಂಡ ಮೇಲೆ ಸೀಸದ ಪಾತ್ರೆ ಪೀಪಾಯಿಯ ಸಮೇತ ಖಾಲಿಯಾಗಿ ಬುಸಾನಿಗೆ ಹಿಂದಿರುಗಬೇಕು. ಅದಕ್ಕೆ ‘ಖಾಲಿ’ ಎಂಬ ಚೀಟಿಯನ್ನೇ ಅಂಟಿಸುತ್ತಾರೆ.

"ಅಕ್ಕೋ, ಬರೀ ಪಾತ್ರೆ ವಾಪಸ್ ಕಳ್ಸಾಕೆ ಕೈಯೇ ಬರಾಕಿಲ್ಲ ಕಣಕ್ಕ. ನೀವು ಅಷ್ಟು ದೂರದಿಂದ ತುಂಬಿ ಕಳ್ಸೋದು, ನಾನು ಬೋಳು ಪಾತ್ರೆ ವಾಪಸ್ ಕೊಡೋದು. ನಮ್ಮವ್ವ ನೋಡಿದ್ರೆ ಮಕಕ್ಕೆ ಉಗೀತಿದ್ಲು."

"ಉಗಿಸ್ಕೋ. ಬೋಳಾಗೇ ಕಳ್ಸು. ಒಂದು ಒಣಮೆಣಸಿನಕಾಯಿ ಇಟ್ರೂ ನಿನ್ನ ಕೆಲಸ ಹೋಗುತ್ತೆ, ನನ್ನದೂ ಹೋಗುತ್ತೆ."

ಪಕ್ಕದ ಮನೆಯವರು ಏನಾದರೂ ಕೊಟ್ಟ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವವರನ್ನು ಅಲ್ಲೂ ಯಾರೂ ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಅವನ ಸಂಕಟ ಅವಳಿಗೆ ಅರ್ಥವಾಗುತ್ತಿತ್ತು, ನಗುವೂ ಬರುತ್ತಿತ್ತು.

ಬಾಂಗ್ ಕಪ್ತಾನ ಒಪ್ಪಿದ ಐದನೇ ವರ್ಷದ ಮೇ ತಿಂಗಳಲ್ಲಿ ಜಾಂಗ್‌ಗುನ್ ಫೋನ್ ಮಾಡಿದಾಗ ಸೀಲು, ಮೀಟರು ಏನನ್ನೂ ಹೇಳದೆ, "ಸಿಕ್ಕಿದ್ರು ಅಕ್ಕೋ" ಎಂದ. ಹಿಮ ಕರಗಿದ ಮೇಲೆ ಗಣಿಯ ಮೇಲಿನ ಗುಡ್ಡದಲ್ಲಿ ಒಬ್ಬ ಮುದುಕನ ಜೊತೆ ಅಲೆದು, ತುಕ್ಕುಹಿಡಿದ ಕಬ್ಬಿಣದ ಪಟ್ಟಿಯ ಮೇಲೆ ಕೊರೆದ ಹೆಸರು ನೋಡಿ ಬಂದಿದ್ದ. ಮಾ ಚಿಲ್‌ಬೋಕ್. ಗೋರಿಯ ಮೇಲೆ ಒಂದು ಬರ್ಚ್ ಗಿಡ ಎದ್ದಿತ್ತಂತೆ, ಅದನ್ನು ಕಡಿದು ಹುಲ್ಲು ಕಿತ್ತು ಬಂದಿದ್ದ. ಒಕ್‌ಬುನ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೆ ಬಂತು. ನಿನ್ನ ಋಣ ಹೇಗೆ ತೀರಿಸಲಿ ಎಂದಳು. ಅವನು ಸಂಕೋಚದಿಂದ ಮತ್ತೆ ಅದೇ ರಾಗ ಎಳೆದ, ನಿಮ್ಮ ಪಾತ್ರೆಯನ್ನು ಬರಿದಾಗಿ ಕಳಿಸಬೇಕಲ್ಲಕ್ಕ ಎಂದು.

"ಅಷ್ಟು ಬೇಜಾರಾದ್ರೆ ಈ ಸಲ ಏನಾದ್ರೂ ತುಂಬೇ ಕಳ್ಸಪ್ಪಾ, ಹೋಗ್ಲಿ!" ಎಂದು ಮೂಗೊರೆಸಿಕೊಳ್ಳುತ್ತ ನಕ್ಕಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹದಿನೆಂಟು ಸಲ ಎಚ್ಚರಿಸಿದ ಹೆಂಗಸು ಹತ್ತೊಂಬತ್ತನೆಯ ಸಲ ತಮಾಷೆ ಮಾಡಿದಳು, ಅವನು ಆ ಒಂದು ಸಲವೇ ಅವಳ ಮಾತನ್ನು ನಿಜವೆಂದು ನಂಬಿದ.

ಜೂನ್ ತಿಂಗಳ ಒಂದು ಬೆಳಿಗ್ಗೆ ಬಾಂಗ್ ಕಪ್ತಾನನ ಹಡಗಿನಿಂದ ಪೀಪಾಯಿ ಇಳಿಯಿತು. ಖಾಲಿ ಬಂದ ಪೀಪಾಯಿಯನ್ನು ತೂಗಬೇಕೆಂದು ಕಂಪನಿ ಹೇಳಿರಲಿಲ್ಲ, ಅದು ಒಕ್‌ಬುನ್ ತಾನೇ ಮಾಡಿಕೊಂಡ ನೇಮ. ಎಂಬತ್ತಾರು ಕಿಲೋ ಇರಬೇಕಾದದ್ದು ಎಂಬತ್ತೇಳೂವರೆ ತೋರಿಸಿತು. ಚೂರು ಒಳಗೇ ಉಳಿದುಬಿಟ್ಟಿದೆಯೇ? ಮೀಟರು ಹಿಡಿದು ಸುತ್ತ ಬಂದಳು. ಏನೂ ಇಲ್ಲ. ಅದೂ ಅಲ್ಲದೆ ಅಕ್ಕಿಕಾಳಿಗಿಂತ ಚಿಕ್ಕದಕ್ಕೆ ಒಂದೂವರೆ ಕಿಲೋ ತೂಕ ಎಲ್ಲಿಂದ ಬರಬೇಕು? ಗೋದಾಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಬೋಲ್ಟು ಬಿಚ್ಚಿ ಮುಚ್ಚಳ ತೆಗೆದಳು. ಒಂದು ಮರದ ಅಚ್ಚನ್ನು ತೆಗೆದು, ಆ ಜಾಗದಲ್ಲಿ ಬಿಳಿ ಬಟ್ಟೆಯ ಒಂದು ಚೀಲವನ್ನು ಒತ್ತರಿಸಿ ಕೂರಿಸಿದ್ದರು. ಕೈಹೊಲಿಗೆ, ಸಣ್ಣ ಸಣ್ಣ ಹೊಲಿಗೆ. ಚೀಲದ ಬಾಯಿಗೆ ಚೀಟಿ ಕಟ್ಟಿತ್ತು.

‘ಅಕ್ಕ, ಬರೀ ಪಾತ್ರೆ ಕಳಿಸಲಿಲ್ಲ. ಇದು ಅಪ್ಪನ ಮೇಲಿನ ಮಣ್ಣು. ತಲೆಯ ಕಡೆಯಿಂದ ತೆಗೆದದ್ದು. ಪಟ್ಟಿಯ ಮೇಲೆ ತೀರಿಕೊಂಡ ದಿನ ಕೂಡ ಇತ್ತು. 1961ನೇ ಇಸವಿ, ಚಾಂದ್ರಮಾನ ಎರಡನೇ ತಿಂಗಳು, ಹನ್ನೊಂದನೇ ದಿನ. ಅಮ್ಮನ ಪಕ್ಕ ಇಡಿ.’

ಒಕ್‌ಬುನ್ ಸಿಮೆಂಟಿನ ನೆಲದ ಮೇಲೆ ಕೂತುಬಿಟ್ಟಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಕಪ್ಪು ಮಣ್ಣು, ತೇವ ಇನ್ನೂ ಆರಿರಲಿಲ್ಲ, ಸ್ವಲ್ಪ ಇದ್ದಿಲಿನ ವಾಸನೆ. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ಅಪ್ಪ ಅವಳ ಕೈಗೆ ಸಿಕ್ಕಿದ್ದ. ಅವಳು ಅದನ್ನು ಎದೆಗೆ ಒತ್ತಿಕೊಂಡು "ಅಪ್ಪಾ" ಎಂದಳು. ಆ ಪದವನ್ನು ಯಾರನ್ನಾದರೂ ನೋಡಿ ಹೇಳಿದ್ದು ಅದೇ ಮೊದಲು, ಬಾಯಿಗೆ ಅಭ್ಯಾಸವೇ ಇರಲಿಲ್ಲ.

ಆಮೇಲೆ ತಲೆ ಓಡಿತು. ಯಾರೂ ನೋಡಿಲ್ಲ. ಒಂದೂವರೆ ಕಿಲೋ, ಕೈಚೀಲದಲ್ಲಿ ಹಿಡಿಸುತ್ತದೆ. ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಗುಡ್ಡ. ಅಮ್ಮನ ಎಡಗಡೆ ಕೈಯಲ್ಲೇ ಅಗೆದರೂ ಆದೀತು. ಅವಳು ಚೀಲವನ್ನು ಕೈಚೀಲದೊಳಗಿಟ್ಟು, ಮೇಲೆ ಸ್ವೆಟರ್ ಮುಚ್ಚಿ, ಪೀಪಾಯಿಯ ಮುಚ್ಚಳ ಬಿಗಿದು ಹೊರಟೇಬಿಟ್ಟಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಬಂದರಿನ ಗೇಟಿನಲ್ಲಿ ಕಾವಲುಗಾರ ಮುಂದಿದ್ದವರ ಚೀಲಗಳನ್ನೆಲ್ಲ ಬಿಚ್ಚಿಸಿ ನೋಡುತ್ತಿದ್ದ. ಇವಳೂ ಚೀಲ ಮುಂದೆ ಹಿಡಿದಳು.

"ಅಯ್ಯೋ, ನಿಮ್ಮ ಚೀಲ ನೋಡೋದಾ ಮಾ ಮೇಡಂ? ನಿಮ್ಮನ್ನೇ ನಂಬದಿದ್ರೆ ಈ ಬಂದರನ್ನ ಮುಚ್ಕೊಂಡು ಹೋಗ್ಬೇಕು. ಹೋಗಿ, ಹೋಗಿ."

ಅವನು ಚೀಲ ಬಿಚ್ಚಿಸಿ ನೋಡಿದ್ದರೆ ಅವಳು ಏನಾದರೂ ಸಬೂಬು ಹೇಳಿ ಪಾರಾಗುತ್ತಿದ್ದಳೋ ಏನೋ. ನೋಡದೆ ಬಿಟ್ಟದ್ದು ಅವಳ ಕಾಲನ್ನು ಹಿಡಿದು ನಿಲ್ಲಿಸಿತು. ಗೇಟಿನಾಚೆ ಬಸ್ಸು ಬಂತು, ಹೋಯಿತು. ಒಳ್ಳೆಯ ಮನಸ್ಸಿನವನು ಒಂದೂವರೆ ಕಿಲೋ ಮಣ್ಣಿಡಬಹುದಾದ ಸಂದಿಯಲ್ಲಿ ಕೆಟ್ಟ ಮನಸ್ಸಿನವನು ಏನನ್ನೂ ಇಡಬಹುದು. ಖಾಲಿ ಎಂಬ ಚೀಟಿ ಅಂಟಿಸಿದ, ಯಾರೂ ಮುಟ್ಟಲು ಹೆದರುವ ಪೀಪಾಯಿಗಿಂತ ಒಳ್ಳೆಯ ಅಡಗುತಾಣ ಇನ್ನೊಂದಿಲ್ಲ. ಈ ಸಂದಿ ಇದೆಯೆಂದು ತಿಳಿದವಳು ತಾನೊಬ್ಬಳೇ. ತಾನು ಬಾಯಿ ಮುಚ್ಚಿಕೊಂಡರೆ ಅದು ತೆರೆದೇ ಇರುತ್ತದೆ. ಬಾಯಿ ಬಿಟ್ಟರೆ ಮಣ್ಣನ್ನು ಕಸಿದುಕೊಳ್ಳುತ್ತಾರೆ, ಅಪ್ಪ ಹೋಗುತ್ತಾನೆ, ಬಹುಶಃ ಬಾಂಗ್ ಕಪ್ತಾನನೂ ಕೈಬಿಡುತ್ತಾನೆ. ಅವಳು ಮೂರು ಬಸ್ಸು ಹೋಗುವವರೆಗೆ ಅಲ್ಲೇ ನಿಂತಿದ್ದಳು. ನಾಲ್ಕನೆಯದು ಬರುವ ಮುಂಚೆ ತಿರುಗಿ ಒಳಗೆ ನಡೆದಳು, ನೇರ ಬಾಂಗ್ ಕಪ್ತಾನನ ಹಡಗಿಗೆ.

ಎಲ್ಲವನ್ನೂ ಕೇಳಿ ಬಾಂಗ್ ಕುರ್ಚಿಯಿಂದ ಎದ್ದುನಿಂತ. ಮುಖ ಬಿಳಿಚಿತ್ತು.

"ಗೋರಿ ಮಣ್ಣು? ನನ್ನ ಹಡಗಲ್ಲಿ?"

"ಹೌದು."

"ಫ್ಯಾನು ಬೇಕಾದ್ರೆ ಇನ್ನೂ ನೂರು ಸಾಗಿಸ್ತಿದ್ದೆ ಮೇಡಂ. ಗೋರಿ ಸಾಗಿಸೋನಲ್ಲ ನಾನು. ಹೆಣದ ಮಣ್ಣು ಹೊತ್ತ ಹಡಗು ದಡ ಸೇರಿದ್ದು ಎಲ್ಲಾದ್ರೂ ಉಂಟಾ? ಹುಡುಗರಿಗೆ ಗೊತ್ತಾದ್ರೆ ಇವತ್ತೇ ಇಳಿದು ಹೋಗ್ತಾರೆ!"

ಐದು ವರ್ಷ ವಿಕಿರಣದ ಪಕ್ಕ ಗೊರಕೆ ಹೊಡೆದವನು ಹಿಡಿ ಮಣ್ಣಿಗೆ ನಡುಗುತ್ತಿದ್ದ. ಬೇರೆ ದಿನವಾಗಿದ್ದರೆ ಒಕ್‌ಬುನ್ ಅವನನ್ನು ಆಡಿಕೊಂಡು ನಗುತ್ತಿದ್ದಳು.

"ಮಾತು ಮುರಿದಿದೆ ಕಪ್ತಾನ್ರೇ. ಅದನ್ನ ಹೇಳೋಕೇ ಬಂದೆ. ತುಂಬಿ ಕಳ್ಸು ಅಂತ ತಮಾಷೆಗೆ ಅಂದವಳೂ ನಾನೇ. ಕ್ವಾರಂಟೈನ್ ಕಚೇರಿಗೆ ನೀವೂ ಬಂದು ಸಹಿ ಹಾಕ್ಬೇಕು. ಆಮೇಲೆ ನನ್ನ ಮುಖ ನೋಡ್ಬೇಡಿ, ತಪ್ಪು ತಿಳಿಯಲ್ಲ."

ಬಾಂಗ್ ಇಡೀ ದಾರಿ ಅವಳಿಂದ ನಾಲ್ಕು ಮಾರು ದೂರದಲ್ಲೇ ನಡೆದ.

ಕ್ವಾರಂಟೈನ್ ಕಚೇರಿಯಲ್ಲಿದ್ದವಳು ಸನ್‌ವೂ ಎಂಬ ಎಳೆಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಹೊರದೇಶದ ಮಣ್ಣು ಒಂದು ಹಿಡಿಯೂ ಒಳಗೆ ಬರುವಂತಿಲ್ಲ, ಹುಳು ಹುಪ್ಪಟೆ, ಬೇರಿನ ರೋಗ ಅದರ ಜೊತೆಗೇ ಬರುತ್ತವೆ, ಬಂದದ್ದನ್ನು ಕುಲುಮೆಯಲ್ಲಿ ಸುಡಬೇಕು. ಅವಳು ನಿಯಮವನ್ನು ಓದಿ ಹೇಳಿದಳು, ಓದುತ್ತ ಓದುತ್ತ ಧ್ವನಿ ಇಳಿಯಿತು. ಫಾರಂ ಮುಂದಿಟ್ಟಳು. ಒಕ್‌ಬುನ್ ತನ್ನ ದುಂಡು ಅಕ್ಷರದಲ್ಲಿ ತುಂಬಿದಳು: ವಸ್ತು, ಮಣ್ಣು. ತೂಕ, ಒಂದೂವರೆ ಕಿಲೋ. ವಿಕಿರಣ, ಇಲ್ಲ. ತಪ್ಪು ಯಾರದು ಎಂಬಲ್ಲಿ ತನ್ನ ಹೆಸರು ಬರೆದಳು.

ಸನ್‌ವೂ ಮಣ್ಣನ್ನು ಲೋಹದ ಡಬ್ಬಿಗೆ ಸುರಿದು ಮುಚ್ಚಿದಳು. ಬರಿದಾದ ಬಟ್ಟೆಯ ಚೀಲವನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ಅನುಮಾನಿಸಿದಳು.

"ಬಟ್ಟೆ ಮಣ್ಣಲ್ಲ ಅಮ್ಮ. ಇದನ್ನ ಕುದಿಯೋ ನೀರಲ್ಲಿ ಅದ್ದಿ ನಿಮಗೆ ವಾಪಸ್ ಕೊಡಬಹುದು. ಮಣ್ಣು ಅಂಟಿರಬಾರದು ಅಷ್ಟೆ." ಎರಡು ಸಲ ಕೊಡವಿದಳು.

"ಹೊಲಿಗೆ ಸಂದಿ ನೋಡಮ್ಮ" ಎಂದಳು ಒಕ್‌ಬುನ್. "ಇನ್ನೂ ಸ್ವಲ್ಪ ಇದೆ."

ಸನ್‌ವೂ ನೋಡಿದಳು. ಕಪ್ಪಗೆ ಒಂದು ಗೆರೆಯಷ್ಟು ಮಣ್ಣು ಅಲ್ಲಿದ್ದದ್ದು ಬಾಗಿಲಲ್ಲಿ ನಿಂತ ಬಾಂಗ್‌ಗೂ ಕಾಣುತ್ತಿತ್ತು.

"ನನಗೇನೂ ಕಾಣಿಸ್ತಿಲ್ಲಮ್ಮ" ಎಂದಳು ಹುಡುಗಿ, ಮೆಲ್ಲಗೆ.

ಒಕ್‌ಬುನ್ ಅವಳ ಮುಖ ನೋಡಿದಳು. ಆ ಮುಖದಲ್ಲಿದ್ದ ಕರುಣೆಯನ್ನು ತೆಗೆದುಕೊಳ್ಳಲು ಅವಳ ಮೈಯೆಲ್ಲ ಹಂಬಲಿಸಿತು. ಗೆರೆಯಷ್ಟು ಮಣ್ಣಾದರೂ ಸಾಕಿತ್ತು, ಅಮ್ಮನಿಗೆ ಅಷ್ಟಾದರೂ ಕೊಡಬಹುದಿತ್ತು. ಆದರೆ ಈ ಹುಡುಗಿ ಇನ್ನೂ ಮೂವತ್ತು ವರ್ಷ ಈ ಕುರ್ಚಿಯಲ್ಲಿ ಕೂರಬೇಕು, ಮೊದಲ ಸುಳ್ಳನ್ನು ತನಗಾಗಿ ಹೇಳುವುದು ಬೇಡ ಎನಿಸಿತು. ಮೇಜಿನ ಮೇಲಿದ್ದ ಬ್ರಷ್ಷನ್ನು ತೆಗೆದುಕೊಂಡು, ಚೀಲವನ್ನು ಒಳಹೊರಗು ಮಾಡಿ, ಒಂದೊಂದೇ ಹೊಲಿಗೆಯನ್ನು ಬಿಡಿಸಿ, ಡಬ್ಬಿಯ ಮೇಲೆ ಹಿಡಿದು ತಾನೇ ಉಜ್ಜಿದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮುಗಿಸಿ, "ಈಗ ನೋಡು" ಎಂದಳು.

ಬಾಂಗ್ ಕಪ್ತಾನ ತಲೆ ತಗ್ಗಿಸಿ ಸಹಿ ಹಾಕಿದ. ಹೊರಗೆ ಬಂದ ಮೇಲೆ ಈ ಸಲ ಅವಳ ಪಕ್ಕದಲ್ಲೇ ನಡೆದ. ಗೇಟಿನಲ್ಲಿ ಗಂಟಲು ಸರಿಮಾಡಿಕೊಂಡು, "ಮುಂದಿನ ಪೀಪಾಯಿ ಆಗಸ್ಟಿಗಾ?" ಎಂದ.

"ಆಗಸ್ಟ್ ಎಂಟು."

"ಬೆಳಿಗ್ಗೆ ಬೇಗ ತನ್ನಿ. ವಾಪಸ್ ಬರುವಾಗ ಅಲ್ಲೇ ತೂಗಿಸಿ ಹತ್ತಿಸ್ಕೋತೀನಿ, ನಾನೇ ನಿಂತು."

ಕಂಪನಿಯವರು ಒಕ್‌ಬುನ್‌ಗೆ ಎಚ್ಚರಿಕೆಯ ಪತ್ರ ಕೊಟ್ಟರು. ಖಾಲಿ ಪೀಪಾಯಿಯನ್ನು ತೂಗುವ ಅವಳ ನೇಮ ಅಂದಿನಿಂದ ಕಂಪನಿಯ ನಿಯಮವಾಯಿತು, ಇನ್ನು ಎರಡು ತುದಿಯಲ್ಲೂ ತೂಗಿ ಸೀಲು ಹಾಕಬೇಕು. ಆಸ್ಪತ್ರೆಗೂ ಒಂದು ಪತ್ರ ಹೋಯಿತು. ಕಾಗದದಲ್ಲಿಲ್ಲದ ವಸ್ತು ಪೀಪಾಯಿಯಲ್ಲಿ ಕಂಡುಬಂದಿದೆ, ಇನ್ನು ಹೀಗಾಗಕೂಡದು ಎಂದಷ್ಟೇ ಅದರಲ್ಲಿತ್ತು. ಆ ವಸ್ತುವಿನ ಗತಿ ಏನಾಯಿತೆಂದು ಬರೆದಿರಲಿಲ್ಲ.

ಆಗಸ್ಟಿನ ಪೀಪಾಯಿ ಮುಟ್ಟಿದ ದಿನ ಜಾಂಗ್‌ಗುನ್ ಫೋನ್ ಮಾಡಿದ. ಒಕ್‌ಬುನ್ ಪೆನ್ನು ಹಿಡಿದು, ಫಾರಂ ಮುಂದಿಟ್ಟುಕೊಂಡು ಕೂತಿದ್ದಳು.

"ಅಕ್ಕೋ, ಬೈದ್ರು ಕಣಕ್ಕ, ಚೆನ್ನಾಗಿ ಬೈದ್ರು. ಕೆಲ್ಸ ಹೋಗ್ಲಿಲ್ಲ. ನನ್ನಿಂದ ನಿಮ್ಗೂ ಬೈಸ್ಕೊಳ್ಳಂಗಾಯ್ತು."

"ನಾನೇ ಅಲ್ವೇನಪ್ಪ ಹೇಳಿದ್ದು. ಇನ್ಮೇಲೆ ಬರಿದಾಗೇ ಕಳ್ಸು, ನಮ್ಮನೇಲಿ ಅದನ್ನ ಯಾರೂ ತಪ್ಪು ತಿಳಿಯಲ್ಲ."

"ಆಯ್ತಕ್ಕ. ಅದಿರ್ಲಿ." ಅವನು ಉಸಿರೆಳೆದುಕೊಂಡ. "ಅಪ್ಪ ಬಂದು ಸೇರಿದ್ರಾ?"

ಒಕ್‌ಬುನ್ ಪೆನ್ನು ಕೆಳಗಿಟ್ಟಳು. ಮೂವತ್ತೊಂದು ವರ್ಷದಲ್ಲಿ ಆ ಫೋನಿನಲ್ಲಿ ಅವಳು ಇಲ್ಲದ್ದನ್ನು ಇದೆ ಎಂದಿರಲಿಲ್ಲ.

"ಬಂದ್ರಪ್ಪ."

"ಅಮ್ಮನ ಪಕ್ಕ ಇಟ್ರಾ?"

"ಪಕ್ಕದಲ್ಲೇ. ಎಡಗಡೆ."

"ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಲ್ಲ?"

"ಏನೂ ಇಲ್ಲ. ನೀನು ಹೊಲಿದ ಹೊಲಿಗೆ ಒಂದೂ ಬಿಟ್ಟಿರಲಿಲ್ಲ."

ಅವನು ಅಳುತ್ತಿದ್ದಾನೆಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು.

"ಇಲ್ಲಿ ಮುದುಕ್ರಿಗೆಲ್ಲ ಹೇಳ್ತೀನಿ ಅಕ್ಕೋ" ಎಂದ ಕೊನೆಗೆ. "ನಮ್ಮಪ್ಪನೂ ಅದೇ ಗುಡ್ಡದಾಗವ್ನೆ. ಇಷ್ಟು ಜನದಾಗೆ ಒಬ್ರಾದ್ರೂ ಮನೆಗೋದ್ರಲ್ಲ, ಅಷ್ಟೇ ಸಾಕು."

ಒಕ್‌ಬುನ್ ಅಂಗಿಯ ತೋಳನ್ನೇ ಬಾಯಿಗೆ ಒತ್ತಿಹಿಡಿದಳು. ಅಳು ಇಳಿದ ಮೇಲೆ ಮತ್ತೆ ಪೆನ್ನು ತೆಗೆದುಕೊಂಡಳು.

"ಸರಿ, ಈಗ ಪೀಪಾಯಿಗೆ ಬಾ. ಸೀಲು ಹೇಗಿದೆ? ಮೀಟರು ಎಷ್ಟು ತೋರಿಸ್ತಿದೆ?"

ಅವನು ಮೂಗೊರೆಸಿಕೊಂಡು ಅಂಕಿಗಳನ್ನು ಒಂದೊಂದಾಗಿ ಓದಿದ. ಅವಳು ಬರೆದುಕೊಂಡಳು.